ಮಂಗಳೂರಿನ ಜಡ್ಜ್, ಮುಂಬಯಿಯ ಇಂಗ್ಲಿಷ್

ಮುಂಬಯಿಯ ಯಾವುದೇ ಆಫೀಸಿಗೆ ಹೋಗಿ ನೋಡಿ. ಪ್ಯೂನ್ ಫೈಲು ತಂದಿಡುತ್ತಾನೆ. ಸರಕು ಭಿವಂಡಿಯ ಗೋಡೌನಿನಲ್ಲೇ ಕೂತಿದೆ ಎಂದು ಯಾರೋ ಫೋನಿನಲ್ಲಿ ಗೊಣಗುತ್ತಾರೆ. ಕಾಂಪೌಂಡಿನೊಳಗೆ ಗಾಡಿ ನಿಲ್ಲಿಸಬೇಡಿ ಎಂದು ವಾಚ್‌ಮನ್ ಕೂಗುತ್ತಾನೆ. ಇವೆಲ್ಲ ಅಪ್ಪಟ ಇಂಗ್ಲಿಷ್ ಎಂದೇ ನಾವು ನಂಬಿದ್ದೇವೆ. ಆದರೆ ಪ್ಯೂನ್ ಪೋರ್ಚುಗೀಸ್ ಮಾತು. ಮೂಲದಲ್ಲಿ ಅವನು ಕಾಲಾಳು. ಕಾಂಪೌಂಡ್ ಹುಟ್ಟಿದ್ದು ಮಲಯ ಭಾಷೆಯ ಕಂಪೋಂಗ್‌ನಿಂದ ಇರಬೇಕು. ಗೋಡೌನ್ ಕೂಡ ಮಲಯದ ಗುದಂಗ್. ಅದರ ಬೆನ್ನಿಗೆ ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿ ಇವೆ. ನಮ್ಮ ಕರಾವಳಿಯವರು ಸ್ವಲ್ಪ ನಾಚಿಕೊಂಡು ಹೇಳುವ ‘ಗಡಂಗು’ ಸಹ ಅದೇ ಬಳಗದ್ದು.

ಇಂಥ ಮಾತುಗಳ ಜಾತಕ ಬರೆಯಬೇಕೆಂದು ಹೊರಟವರಲ್ಲಿ ಒಬ್ಬರು ಮಂಗಳೂರಿನಲ್ಲಿ ಜಡ್ಜ್ ಆಗಿದ್ದರು. ಹೆಸರು ಆರ್ಥರ್ ಕೋಕ್ ಬರ್ನೆಲ್.

1840ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಹುಟ್ಟಿದ ಬರ್ನೆಲ್, ಸಿವಿಲ್ ಸರ್ವಿಸ್ ಪರೀಕ್ಷೆ ಪಾಸಾಗಿ 1860ರಲ್ಲಿ ಮದ್ರಾಸಿಗೆ ಬಂದರು. ಆಗ ಅವರಿಗೆ ಇಪ್ಪತ್ತು ವರ್ಷ. ಹಗಲು ಕೋರ್ಟು, ಉಳಿದ ಹೊತ್ತೆಲ್ಲ ಓಲೆಗರಿ, ಶಾಸನ, ವ್ಯಾಕರಣ. ಸಂಸ್ಕೃತವನ್ನೂ ದಕ್ಷಿಣದ ಭಾಷೆಗಳನ್ನೂ ಆಳವಾಗಿ ಕಲಿತರು. ಅರಬ್ಬಿ, ಟಿಬೆಟನ್, ಜಾವಾ ಭಾಷೆಗಳಿಗೂ ಕೈ ಹಾಕಿದರು. ತಾವು ಕೂಡಿಟ್ಟ ಸಂಸ್ಕೃತ ಹಸ್ತಪ್ರತಿಗಳನ್ನು 1870ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಲೈಬ್ರರಿಗೆ ದಾನ ಕೊಟ್ಟರು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ ಅವರಿಗೆ ಮನೆಯ ಅಂಗಳದಂತಿತ್ತು. ದಕ್ಷಿಣ ಭಾರತದ ಲಿಪಿಗಳ ಚರಿತ್ರೆ ಕುರಿತ ಅವರ ಹೆಸರಾಂತ ಗ್ರಂಥ 1874ರಲ್ಲಿ ಅಚ್ಚಾದದ್ದು ಅಲ್ಲಿಯೇ. ಮುಂದೆ ತಂಜಾವೂರಿನಲ್ಲಿ ಜಡ್ಜ್ ಆಗಿದ್ದಾಗ ಅಲ್ಲಿನ ಅರಮನೆಯ ಸಂಸ್ಕೃತ ಹಸ್ತಪ್ರತಿಗಳಿಗೆಲ್ಲ ಸೂಚಿ ಮಾಡಿದರು.

ಇಷ್ಟು ಭಾರದ ಕೆಲಸಗಳ ನಡುವೆ ಅವರಿಗೊಂದು ಹಗುರವಾದ ಚಟವಿತ್ತು. ಹಿಂದೂಸ್ತಾನದಲ್ಲಿರುವ ಇಂಗ್ಲಿಷರು ಬಾಯಲ್ಲಿ ಆಡುವ, ನಿಘಂಟಿನಲ್ಲಿ ಸಿಗದ ವಿಚಿತ್ರ ಮಾತುಗಳನ್ನು ಕೂಡಿಸುವುದು. ಸುಮಾರು 1872ರಲ್ಲಿ ಈ ವಿಷಯವನ್ನು ಅವರು ಕರ್ನಲ್ ಹೆನ್ರಿ ಯೂಲ್‌ಗೆ ಕಾಗದದಲ್ಲಿ ತಿಳಿಸಿದರು. ಯೂಲ್ ಬಂಗಾಳದ ಸೇನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ಮಾರ್ಕೊ ಪೋಲೊನ ಪ್ರವಾಸಕಥೆಯನ್ನು ಇಂಗ್ಲಿಷಿಗೆ ತಂದವರು, ಬರ್ನೆಲ್‌ಗಿಂತ ಇಪ್ಪತ್ತು ವರ್ಷ ಹಿರಿಯರು. ಆಗ ಇಟಲಿಯ ಪಾಲೆರ್ಮೊದಲ್ಲಿದ್ದರು. ಇಬ್ಬರೂ ಅಲ್ಲಿಯವರೆಗೆ ಮುಖಾಮುಖಿ ಕಂಡದ್ದು ಒಂದೇ ಸಲ. ತಾನೂ ಬಹುಕಾಲದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಕೂಡಿ ಮಾಡೋಣ ಎಂದು ಯೂಲ್ ಉತ್ತರ ಬರೆದರು. ಅಲ್ಲಿಂದ ಹತ್ತು ವರ್ಷ ಅಂಚೆಯಲ್ಲೇ ಒಂದು ನಿಘಂಟು ಬೆಳೆಯಿತು.

ಆ ನಿಘಂಟಿನ ಹೆಸರು ‘ಹಾಬ್ಸನ್-ಜಾಬ್ಸನ್’. ಇಬ್ಬರು ಗುಮಾಸ್ತರ ಹೆಸರಿದ್ದಂತಿದೆ, ಅಲ್ಲವೇ? ಅಸಲಿಗೆ ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ಯಾ ಹಸನ್, ಯಾ ಹುಸೇನ್ ಎಂದು ಕೂಗುವುದು ಗೋರಾ ಸಿಪಾಯಿಗಳ ಕಿವಿಗೆ ಬಿದ್ದು ಹೀಗಾಯಿತು. ಒಂದು ಜನರ ದುಃಖ ಇನ್ನೊಂದು ಜನರ ಬಾಯಲ್ಲಿ ತಮಾಷೆಯಾಯಿತು ಎನ್ನುವುದೂ ಈ ಹೆಸರಿನಲ್ಲಿದೆ. ಈ ಪುಸ್ತಕವನ್ನು ಪ್ರೀತಿಯಿಂದ ಓದುವಾಗಲೂ ಅದನ್ನು ಮರೆಯಬಾರದು. ಇದು ಆಳುವವರ ಕಿವಿಯಿಂದ ಕೇಳಿಸಿಕೊಂಡ ಭಾರತ.

ಆದರೆ ಅವರು ಮಾಡಿದ ಕ್ರಮ ಮಾತ್ರ ಬಲು ಪ್ರಾಮಾಣಿಕ. ಒಂದು ಮಾತು ಸರಿಯೋ ತಪ್ಪೋ ಎಂಬ ಪಂಚಾಯಿತಿ ಅದರಲ್ಲಿ ಮುಖ್ಯವಲ್ಲ. ಯಾರು, ಯಾವ ಇಸವಿಯಲ್ಲಿ, ಯಾವ ಅರ್ಥದಲ್ಲಿ ಅದನ್ನು ಬಳಸಿದರು ಎಂದು ಪ್ರವಾಸಿಗಳ ದಿನಚರಿ, ಕಂಪನಿಯ ಕಡತ, ಹಳೆಯ ಪತ್ರಗಳಿಂದ ಹೆಕ್ಕಿ ಸಾಲಾಗಿ ಇಡುತ್ತಾರೆ. ತೀರ್ಪು ಕೊಡುವ ಮೊದಲು ಸಾಕ್ಷಿಗಳನ್ನು ಕರೆಯುವ ಜಡ್ಜಿನ ಅಭ್ಯಾಸವೇ ಇದು.

ಮುಂಬಯಿಯವರಿಗೆ ಅದರಲ್ಲಿ ಹಬ್ಬದೂಟವೇ ಇದೆ. ಪೋರ್ಚುಗೀಸರು ‘ಒಳ್ಳೆಯ ಕೊಲ್ಲಿ’ ಎಂಬ ಅರ್ಥದಲ್ಲಿ ಬೊಂ ಬಾಹಿಯಾ ಎಂದರು, ಅದೇ ಬಾಂಬೆ ಆಯಿತು ಎಂಬ ಕಥೆಯನ್ನು ಇಂದಿಗೂ ಟೂರಿಸ್ಟ್ ಗೈಡುಗಳು ಹೇಳುತ್ತಾರೆ. ‘ಹಾಬ್ಸನ್-ಜಾಬ್ಸನ್’ ಅದನ್ನು 1886ರಲ್ಲೇ ತಳ್ಳಿಹಾಕಿತು: ಆ ವ್ಯುತ್ಪತ್ತಿಯಲ್ಲಿ ಪೋರ್ಚುಗೀಸ್ ವ್ಯಾಕರಣವೇ ತಪ್ಪು, ಪೋರ್ಚುಗೀಸರು ಬರುವುದಕ್ಕೆ ಮೊದಲೇ ಮುಂಬಾದೇವಿಯ ಹೆಸರಿನ ಊರಿತ್ತು. ಬೊಂಬಿಲ್ ಮೀನು ಬಾಂಬೆ ಡಕ್ ಆದದ್ದೂ, ಮುಂಬಯಿ ಸರ್ವಿಸಿನ ಸಾಹೇಬರನ್ನು ಉಳಿದ ಸಾಹೇಬರು ಡಕ್ಸ್ ಎಂದು ಛೇಡಿಸುತ್ತಿದ್ದುದೂ ಅಲ್ಲಿ ದಾಖಲಾಗಿದೆ. ನಮಗೂ ಪಾಲುಂಟು. ಗೋವೆಯ ಪೋರ್ಚುಗೀಸರು ಕರಿ ಎಂಬ ಸಾರಿಗೆ ಕರಿಲ್ ಎಂದದ್ದು ಕನ್ನಡದ ರೂಪದಿಂದ ಎನ್ನುತ್ತದೆ ನಿಘಂಟು. ಇಂಗ್ಲಿಷಿನ ಅರೆಕಾ ಬಂದದ್ದು ಮಲಯಾಳದ ಅಡಕ್ಕದಿಂದ; ಅದು ನಮ್ಮ ಅಡಿಕೆಯ ಒಡಹುಟ್ಟು.

ಅಚ್ಚಾದ ಪುಸ್ತಕವನ್ನು ನೋಡುವ ಯೋಗ ಬರ್ನೆಲ್‌ಗೆ ಇರಲಿಲ್ಲ. ಮೊದಲೇ ಗಟ್ಟಿಯಲ್ಲದ ಶರೀರ. ಇಲ್ಲಿನ ಹವೆ, ಬಿಡುವಿಲ್ಲದ ದುಡಿಮೆ ಎರಡೂ ಸೇರಿ ಅವರನ್ನು ಹಣ್ಣು ಮಾಡಿದವು. 1882ರ ಅಕ್ಟೋಬರ್ 12ರಂದು ಇಂಗ್ಲೆಂಡಿನ ವೆಸ್ಟ್ ಸ್ಟ್ರಾಟನ್‌ನಲ್ಲಿ ತೀರಿಕೊಂಡರು. ವಯಸ್ಸು ನಲವತ್ತೆರಡು. ಮನುಸ್ಮೃತಿಯ ಅನುವಾದವೂ ಅರ್ಧಕ್ಕೇ ನಿಂತಿತು. ಅದನ್ನು ಬೇರೆಯವರು ಮುಗಿಸಿದರು. ನಿಘಂಟನ್ನು ಯೂಲ್ ಒಬ್ಬರೇ ದಡ ಸೇರಿಸಿದರು. ಗಾತ್ರದಲ್ಲಿ ಎಂಟರಲ್ಲಿ ಏಳು ಪಾಲು ತನ್ನದು ಎಂದು ಅವರು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಲೆಕ್ಕ ಕೊಟ್ಟರು. ಹಾಗೆಂದು ಗೆಳೆಯನ ಹೆಸರನ್ನು ಕೃತಜ್ಞತೆಯ ಸಾಲಿಗೆ ಇಳಿಸಲಿಲ್ಲ. 1886ರ ಮುಖಪುಟದಲ್ಲಿ ಯೂಲ್ ಹೆಸರಿನೊಂದಿಗೆ ದಿವಂಗತ ಬರ್ನೆಲ್ ಹೆಸರೂ ಕರ್ತೃವಿನ ಸ್ಥಾನದಲ್ಲೇ ಇದೆ. ಪ್ರೆಸೆಂಟೇಶನ್ನಿನ ಕೊನೆಯ ಸ್ಲೈಡಿನಲ್ಲಿ ಯಾರ ಹೆಸರು ಉಳಿಯುತ್ತದೆ, ಯಾರದು ಹಾರುತ್ತದೆ ಎಂದು ಬಲ್ಲ ನಮಗೆ ಇದು ಸಣ್ಣ ಮಾತಲ್ಲ.

ಬರ್ನೆಲ್ ಬಿಟ್ಟುಹೋದ ಕಾಗದಗಳಲ್ಲಿ ಇನ್ನೊಂದು ನಿಧಿ ಇತ್ತು: ತುಳುನಾಡಿನ ಭೂತಾರಾಧನೆಯ ಪಾಡ್ದನಗಳು. ಅವು 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕಂತುಗಳಾಗಿ ಬಂದವು. ನಮ್ಮ ದೈವಗಳನ್ನು ಪಿಶಾಚಿ ಎಂದು ಕರೆದ ಅದರ ಶೀರ್ಷಿಕೆ ಇಂದಿಗೂ ಚುಚ್ಚುತ್ತದೆ. ಆದರೂ ಬಾಯಿಂದ ಬಾಯಿಗೆ ಮಾತ್ರ ಸಾಗುತ್ತಿದ್ದ ಹಾಡುಗಳಿಗೆ ಅಚ್ಚಿನ ಆಸರೆ ಸಿಕ್ಕಿತು. ಆ ಪತ್ರಿಕೆಯನ್ನು ಮುದ್ರಿಸುತ್ತಿದ್ದ ಎಜುಕೇಶನ್ ಸೊಸೈಟಿ ಪ್ರೆಸ್ ಇದ್ದದ್ದು ಇದೇ ಮುಂಬಯಿಯಲ್ಲಿ, ಬೈಕಲಾದಲ್ಲಿ. ಹೋಟೆಲ್ ಕೆಲಸ ಹುಡುಕಿಕೊಂಡು ಬಂದ ಎಷ್ಟೋ ತುಳುವರಿಗಿಂತ ಮುಂಚೆ ಅವರ ಪಾಡ್ದನಗಳು ಈ ಊರು ಸೇರಿದ್ದವು.

ನಮ್ಮ ಮಕ್ಕಳು ಪರೀಕ್ಷೆಗಾಗಿ ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ ಉರು ಹೊಡೆಯುತ್ತಾರೆ. ನಾವು ಮೀಟಿಂಗಿನಲ್ಲಿ ಬಾಯಿ ತೆರೆಯುವ ಮೊದಲು, ಆಡುವ ಮಾತು ಸರಿಯಾದ ಇಂಗ್ಲಿಷೇ ಎಂದು ಒಳಗೊಳಗೇ ಅಳುಕುತ್ತೇವೆ. ‘ಹಾಬ್ಸನ್-ಜಾಬ್ಸನ್’ ಇಂದಿಗೂ ಅಚ್ಚಿನಲ್ಲಿದೆ. ಒಂದು ಭಾನುವಾರ ಮಕ್ಕಳ ಜೊತೆ ಕೂತು ಅದರ ಯಾವುದಾದರೂ ಪುಟ ತೆರೆಯಿರಿ. ಲಂಡನ್ನಿನ ಸಾಹೇಬನೂ ಒಂದು ಕಾಲದಲ್ಲಿ ನಮ್ಮ ಮಾತುಗಳನ್ನು ತಪ್ಪುತಪ್ಪಾಗಿ ಉಚ್ಚರಿಸಿಯೇ ತನ್ನ ಭಾಷೆಯನ್ನು ಬೆಳೆಸಿದ ಎಂದು ಗೊತ್ತಾದರೆ ಆ ಅಳುಕು ಅರ್ಧ ಇಳಿಯುತ್ತದೆ.