ನೂರರ ಗಡಿ ದಾಟಿದ ಕಮೀಲ್ ಜೆನಾಟ್ಸಿ

ಎಲೆಕ್ಟ್ರಿಕ್ ಕಾರು ಈಗಿನ ಕಾಲದ್ದು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರು ಬ್ಯಾಟರಿಯಿಂದ ಓಡುವಂಥದ್ದು. ಅದು 1899ರಲ್ಲಿ. ಓಡಿಸಿದವರು ಕಮೀಲ್ ಜೆನಾಟ್ಸಿ.

ಅವರು 1868ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ಹತ್ತಿರ ಜನಿಸಿದರು. ತಂದೆಯವರದು ರಬ್ಬರ್ ತಯಾರಿಕೆ. ಇಂಜಿನಿಯರಿಂಗ್ ಓದಿದ ಮಗ ಪ್ಯಾರಿಸ್‌ನಲ್ಲಿ ಎಲೆಕ್ಟ್ರಿಕ್ ಬಾಡಿಗೆ ಗಾಡಿಗಳನ್ನು ತಯಾರಿಸಿ ಮಾರಲು ಹೊರಟರು. ಅದೇ ಮಾರುಕಟ್ಟೆಯಲ್ಲಿ ಜಾಂತೋ ಎಂಬವರ ಕಂಪನಿಯೂ ಇತ್ತು. ಆದ್ದರಿಂದ ಮುಂದೆ ನಡೆದ ಪೈಪೋಟಿ ಸಾಹಸವೂ ಹೌದು, ಜಾಹೀರಾತೂ ಹೌದು. ಕಾಮರ್ಸ್ ಓದುವ ನನಗೆ ಈ ಕಥೆಯಲ್ಲಿ ಮೊದಲು ಕಂಡದ್ದೇ ಇದು.

1898ರ ಡಿಸೆಂಬರ್‌ನಲ್ಲಿ ಕೌಂಟ್ ಶಾಸ್‌ಲೂ-ಲೊಬಾ ಅವರು ಪ್ಯಾರಿಸ್ ಸಮೀಪದ ಆಶೇರ್‌ನಲ್ಲಿ ಜಾಂತೋ ಕಾರನ್ನು ಗಂಟೆಗೆ 63.15 ಕಿ.ಮೀ. ವೇಗದಲ್ಲಿ ಓಡಿಸಿದರು. ಮರುತಿಂಗಳು ಜೆನಾಟ್ಸಿ 66.66ಕ್ಕೆ ಏರಿದರು. ಅದೇ ದಿನ ಕೌಂಟ್ 70 ದಾಟಿದರು. ಹತ್ತು ದಿನ ಬಿಟ್ಟು ಜೆನಾಟ್ಸಿ 80 ದಾಟಿದರು. ಮಾರ್ಚ್‌ನಲ್ಲಿ ಕೌಂಟ್ 92.78 ಮುಟ್ಟಿದರು.

ಇನ್ನು ಮುಂದೆ ಹೋಗಲು ಹಳೆಯ ಗಾಡಿಗೆ ಇನ್ನಷ್ಟು ಬ್ಯಾಟರಿ ಹೇರಿದರೆ ಸಾಲದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಪವರ್ ಎಂಟು ಪಟ್ಟು. 63ರಿಂದ 106ಕ್ಕೆ ಹೋಗುವುದೆಂದರೆ ಗಾಳಿಯೊಂದಕ್ಕೇ ಸುಮಾರು ಐದು ಪಟ್ಟು ಪವರ್ ಕೊಡಬೇಕು!

ಇಂದು ಇಂಜಿನಿಯರುಗಳು ಕಾರು ಕಟ್ಟುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಾರೆ. ತೂಕ, ಟೈರಿನ ಉರುಳು ತಡೆ, ಮುಂಭಾಗದ ವಿಸ್ತೀರ್ಣ, ಆಕಾರ, ಮೋಟಾರಿನ ಪವರ್, ಬ್ಯಾಟರಿ, ಇಷ್ಟು ಅಂಕಿಗಳನ್ನು ಮೊದಲು ಆರಿಸಬೇಕು. ಜೆನಾಟ್ಸಿ ಕಂಪ್ಯೂಟರ್ ಇಲ್ಲದೆ ಇವನ್ನೇ ಆರಿಸಿದರು. ಹಗುರ ಅಲ್ಯೂಮಿನಿಯಂ ಮಿಶ್ರಲೋಹದ ಟಾರ್ಪಿಡೊ ಆಕಾರದ ಮೈ, ಮಿಶೆಲಿನ್ ಗಾಳಿ ಟೈರು, ತಲಾ ಸುಮಾರು 25 ಕಿಲೋವಾಟ್‌ನ ಎರಡು ಮೋಟಾರು. ಒಂದೂವರೆ ಟನ್ನಿನಷ್ಟು ತೂಕದಲ್ಲಿ ಅರ್ಧದಷ್ಟು ಬ್ಯಾಟರಿಯದೇ. ಊರೆಲ್ಲ ಸುತ್ತುವ ಬಾಡಿಗೆ ಗಾಡಿಗೆ ಈ ಲೆಕ್ಕ ಹೊಂದದು. ಅವರಿಗೆ ಬೇಕಿದ್ದದ್ದು ಒಂದೇ ಕಿಲೋಮೀಟರಿನ ಓಟ.

ಒಂದು ತಮಾಷೆ ಇದೆ. ಮೈಯನ್ನು ಅಷ್ಟು ನುಣುಪಾಗಿ ಮಾಡಿಸಿ, ತಾವು ಮಾತ್ರ ಅದರ ಮೇಲೆ ಎದೆಯವರೆಗೂ ಗಾಳಿಗೆ ಒಡ್ಡಿಕೊಂಡು ಕುಳಿತರು. ಚಕ್ರಗಳೂ ಹೊರಗೇ. ಇಂದು ಯಾರಾದರೂ ಟಾರ್ಪಿಡೊ ಆಕಾರವನ್ನಷ್ಟೇ ಕಂಪ್ಯೂಟರಿಗೆ ಕೊಟ್ಟರೆ ಬರುವ ಉತ್ತರ ನಿಜಕ್ಕಿಂತ ವೇಗವಾಗಿರುತ್ತದೆ. ಕುಳಿತ ಮನುಷ್ಯನನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.

ಕಾರಿನ ಹೆಸರು ಲಾ ಜಮೇ ಕೊಂತಾಂತ್, ಅಂದರೆ ಎಂದೂ ತೃಪ್ತಿಯಾಗದವಳು. 1899ರ ವಸಂತದಲ್ಲಿ ಆಶೇರ್‌ನಲ್ಲಿ ಅದು ಒಂದು ಕಿಲೋಮೀಟರನ್ನು 34 ಸೆಕೆಂಡಿನಲ್ಲಿ ಮುಗಿಸಿತು. ಗಂಟೆಗೆ 105.88 ಕಿ.ಮೀ. ಈ ದಾಖಲೆಯನ್ನು 1902ರಲ್ಲಿ ಮುರಿದದ್ದು ಉಗಿಯ ಕಾರು.

ಆ ಹೊತ್ತಿಗೆ ಪೆಟ್ರೋಲ್ ಕಾರುಗಳು ಮುಂದೆ ಬಂದಿದ್ದವು. ಜೆನಾಟ್ಸಿಯವರೂ ಅತ್ತ ತಿರುಗಿ, 1903ರಲ್ಲಿ ಐರ್ಲೆಂಡಿನಲ್ಲಿ ಮರ್ಸಿಡಿಸ್ ಓಡಿಸಿ ಗಾರ್ಡನ್ ಬೆನೆಟ್ ಕಪ್ ಗೆದ್ದರು. ಕೆಂಪು ಗಡ್ಡದಿಂದಾಗಿ ಜನ ಅವರನ್ನು ಕೆಂಪು ಸೈತಾನ ಎಂದು ಕರೆಯುತ್ತಿದ್ದರು. ಅಷ್ಟು ಅಪಾಯದ ಓಟಗಳಲ್ಲಿ ಉಳಿದವರು 1913ರಲ್ಲಿ ಬೇಟೆಗೆ ಹೋದಾಗ, ತಮಾಷೆಗೆ ಪೊದೆಯ ಹಿಂದಿನಿಂದ ಪ್ರಾಣಿಯಂತೆ ಕೂಗಿದರು. ಗೆಳೆಯರೊಬ್ಬರು ನಿಜವಾದ ಪ್ರಾಣಿ ಎಂದುಕೊಂಡು ಗುಂಡು ಹಾರಿಸಿದರು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಅವರು ತೀರಿಕೊಂಡರು.