ಹೆನ್ರಿ ಫೋರ್ಡ್: ಕೆಲಸ ಹಂಚಿದರು, ಅಧಿಕಾರ ಹಂಚಲಿಲ್ಲ

ಡಿಯರ್‌ಬಾರ್ನ್ ಎಂದೊಡನೆ ಎಲ್ಲರಿಗೂ ನೆನಪಾಗುವ ಹೆಸರು ಹೆನ್ರಿ ಫೋರ್ಡ್. ನಮ್ಮ ಶಾಲೆಯ ಎಷ್ಟೋ ಮಕ್ಕಳು ಗ್ರೀನ್‌ಫೀಲ್ಡ್ ವಿಲೇಜ್ ನೋಡಿದ್ದಾರೆ. ಪೋಷಕರಲ್ಲಿ ಅನೇಕರು ಕಾರು ಉದ್ಯಮದಲ್ಲೇ ದುಡಿಯುತ್ತಾರೆ. ಫೋರ್ಡ್‌ರವರು ಸಾಮಾನ್ಯ ಜನರಿಗೆ ಕಾರು ಕೊಟ್ಟ ಕಥೆ ನಮಗೆಲ್ಲ ಗೊತ್ತು. ಆದರೆ ಅವರೇ ಕಟ್ಟಿದ ಕಂಪನಿ ಅವರ ಕೈಯಲ್ಲೇ ಮುಳುಗುವ ಸ್ಥಿತಿಗೆ ಬಂದ ಕಥೆ ಅಷ್ಟಾಗಿ ಗೊತ್ತಿಲ್ಲ. ಅಂಗಡಿ, ಹೋಟೆಲು, ಕಂಪನಿ ಎಂದು ಸ್ವಂತ ವ್ಯವಹಾರ ನಡೆಸುವವರು ತಿಳಿಯಲೇಬೇಕಾದ ಪಾಠ ಅದರಲ್ಲಿದೆ.

ಹೆನ್ರಿ ಹುಟ್ಟಿದ್ದು 1863ರ ಜುಲೈ 30ರಂದು, ಇಂದಿನ ಡಿಯರ್‌ಬಾರ್ನ್‌ಗೆ ಸೇರಿದ ಒಂದು ಹೊಲಮನೆಯಲ್ಲಿ. ಆ ಮನೆಯನ್ನು ಇಂದಿಗೂ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ ಕಾಣಬಹುದು. ತಂದೆ ವಿಲಿಯಂ ಐರ್ಲೆಂಡಿನಿಂದ ಬಂದ ರೈತ. ಬಾಲಕ ಹೆನ್ರಿಗೆ ಬೇಸಾಯ ಹಿಡಿಸಲಿಲ್ಲ. ಗಡಿಯಾರ ಬಿಚ್ಚಿ ಜೋಡಿಸುವುದೆಂದರೆ ಪ್ರಾಣ. ಹದಿಮೂರು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ. ಹದಿನಾರನೆಯ ವಯಸ್ಸಿನಲ್ಲಿ ಡೆಟ್ರಾಯಿಟ್ ನಗರಕ್ಕೆ ಹೋಗಿ ಯಂತ್ರದ ಕೆಲಸ ಕಲಿಯತೊಡಗಿದ. ಮುಂದೆ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆದರು. 1896ರ ಜೂನ್ 4ರಂದು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಾವೇ ಕಟ್ಟಿದ ಮೊದಲ ಮೋಟಾರು ಬಂಡಿಯನ್ನು ಹೊರತೆಗೆಯಲು ಹೋದರೆ ಬಾಗಿಲು ಚಿಕ್ಕದು! ಕೊಡಲಿಯಿಂದ ಗೋಡೆ ಒಡೆದು ಬಂಡಿಯನ್ನು ಬೀದಿಗೆ ತಂದರು.

ಆದರೆ ಕಾರು ಕಟ್ಟುವುದು ಬೇರೆ, ಕಂಪನಿ ಕಟ್ಟುವುದು ಬೇರೆ. 1899ರಲ್ಲಿ ಸೇರಿದ ಮೊದಲ ಕಂಪನಿ ಮುಚ್ಚಿಹೋಯಿತು. ಎರಡನೆಯದನ್ನು ಫೋರ್ಡ್‌ರವರೇ 1902ರಲ್ಲಿ ಬಿಟ್ಟು ಬಂದರು. ಅದೇ ಮುಂದೆ ಕ್ಯಾಡಿಲಾಕ್ ಆಯಿತು. ಕಾರನ್ನು ತಿದ್ದುವುದರಲ್ಲಿ, ರೇಸಿನ ಬಂಡಿ ಕಟ್ಟುವುದರಲ್ಲಿ ಅವರಿಗೆ ಆಸಕ್ತಿ. ಮಾರಾಟಕ್ಕೆ ಸಿದ್ಧವಾದ ಕಾರು ಯಾವಾಗ ಬರುತ್ತದೆ ಎಂದು ಹಣ ಹಾಕಿದವರು ಕಾದು ಬೇಸತ್ತರು.

1903ರ ಜೂನ್ 16ರಂದು ಹುಟ್ಟಿದ ಫೋರ್ಡ್ ಮೋಟಾರ್ ಕಂಪನಿ ಮಾತ್ರ ಗೆದ್ದಿತು. ಏಕೆಂದರೆ ಈ ಬಾರಿ ಅವರು ಒಬ್ಬರೇ ಇರಲಿಲ್ಲ. ಲೆಕ್ಕಪತ್ರ, ಮಾರಾಟ, ಏಜೆಂಟರ ಜಾಲ ಎಲ್ಲವನ್ನೂ ಜೇಮ್ಸ್ ಕಜೆನ್ಸ್ ನೋಡಿಕೊಂಡರು. ಎಂಜಿನ್ ಮತ್ತು ಚಾಸಿಗಳನ್ನು ಡಾಡ್ಜ್ ಸಹೋದರರು ಮಾಡಿಕೊಟ್ಟರು. ಉಕ್ಕು ಮತ್ತು ವಿನ್ಯಾಸದಲ್ಲಿ ಹೆರಾಲ್ಡ್ ವಿಲ್ಸ್ ನೆರವಾದರು. ಹಣದ ವಿಷಯದಲ್ಲಿ ಕಜೆನ್ಸ್ ಹೇಳಿದ್ದೇ ಮಾತು. ಬೇಡ ಎನಿಸಿದರೆ ಫೋರ್ಡ್‌ರವರಿಗೇ ಮುಖಕ್ಕೆ ಹೊಡೆದಂತೆ ಬೇಡ ಎನ್ನುವ ಧೈರ್ಯ ಅವರಿಗಿತ್ತು. ಹೀಗಾಗಿ ಫೋರ್ಡ್‌ರವರು ತಮಗೆ ಚೆನ್ನಾಗಿ ಬರುವ ಯಂತ್ರದ ಕೆಲಸದಲ್ಲಿ ಮುಳುಗಲು ಸಾಧ್ಯವಾಯಿತು.

ಫಲ ಏನಾಯಿತು ನೋಡಿ. 1908ರಲ್ಲಿ ಮಾಡೆಲ್ ಟಿ ಬಂತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಇದು ಫೋರ್ಡ್ ಒಬ್ಬರ ತಲೆಯಿಂದ ಬಂದದ್ದಲ್ಲ. ಸೊರೆನ್ಸನ್, ಮಾರ್ಟಿನ್, ಏವರಿ ಮುಂತಾದವರು ಪ್ರಯೋಗ ಮಾಡಿ ಮಾಡಿ ಕಟ್ಟಿದ್ದು. ಚಾಸಿ ಜೋಡಣೆಗೆ ಬೇಕಿದ್ದ ಹನ್ನೆರಡೂವರೆ ಗಂಟೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಸಂಬಳ ಘೋಷಿಸಿದಾಗ ಲೋಕವೇ ಬೆರಗಾಯಿತು. 1908ರಲ್ಲಿ 850 ಡಾಲರ್ ಇದ್ದ ಕಾರಿನ ಬೆಲೆ 1920ರ ದಶಕದಲ್ಲಿ 300 ಡಾಲರಿಗಿಂತ ಕೆಳಗಿಳಿಯಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಜೋಡಣಾ ಸಾಲಿನಲ್ಲಿ ಫೋರ್ಡ್‌ರವರು ಹಂಚಿದ್ದು ಕೈಕೆಲಸವನ್ನು. ತೀರ್ಮಾನಿಸುವ ಅಧಿಕಾರವನ್ನು ಹಂಚಲು ಅವರ ಮನಸ್ಸು ಒಪ್ಪಲಿಲ್ಲ. 1912ರಲ್ಲಿ ಅವರು ಯೂರೋಪಿಗೆ ಹೋಗಿದ್ದಾಗ ಸಹೋದ್ಯೋಗಿಗಳು ಮಾಡೆಲ್ ಟಿಯ ಸುಧಾರಿತ ಮಾದರಿಯೊಂದನ್ನು ಸಿದ್ಧಪಡಿಸಿ ಇಟ್ಟಿದ್ದರಂತೆ. ಹಿಂತಿರುಗಿ ಬಂದ ಫೋರ್ಡ್‌ರವರು ಅದರ ಬಾಗಿಲನ್ನು ಕೈಯಾರೆ ಕಿತ್ತು, ಕಾರನ್ನೇ ಧ್ವಂಸ ಮಾಡಿದರೆಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಆಮೇಲೆ ಹೊಸದನ್ನು ಹೇಳಲು ಯಾರಿಗೆ ಧೈರ್ಯ ಬಂದೀತು?

1915ರಲ್ಲಿ ಕಜೆನ್ಸ್ ರಾಜೀನಾಮೆ ಕೊಟ್ಟರು. ಮುಂದೆ ಅವರು ಡೆಟ್ರಾಯಿಟಿನ ಮೇಯರ್, ಅನಂತರ ಸೆನೆಟರ್ ಆದರು. 1919ರಲ್ಲಿ ವಿಲ್ಸ್ ಹೊರಟರು. ಅದೇ ವರ್ಷ ಫೋರ್ಡ್‌ರವರು 10 ಕೋಟಿ ಡಾಲರಿಗೂ ಹೆಚ್ಚು ಹಣ ತೆತ್ತು ಇತರ ಪಾಲುದಾರರ ಷೇರುಗಳನ್ನೆಲ್ಲ ಕೊಂಡರು. ಈಗ ಬೇಡ ಎನ್ನುವವರೇ ಇಲ್ಲ! ಅವರ ಪತ್ರಿಕೆ ಡಿಯರ್‌ಬಾರ್ನ್ ಇಂಡಿಪೆಂಡೆಂಟ್ 1920ರಿಂದ ಯಹೂದಿ ಜನರ ವಿರುದ್ಧ ದ್ವೇಷದ ಲೇಖನಗಳನ್ನು ಪ್ರಕಟಿಸಿತು. ಅದನ್ನು ವಿರೋಧಿಸಿದ ಸಂಪಾದಕರು ಹುದ್ದೆ ತ್ಯಜಿಸಿದರು. 1927ರಲ್ಲಿ ಫೋರ್ಡ್‌ರವರು ಕ್ಷಮೆ ಕೇಳಿ ಪತ್ರಿಕೆ ಮುಚ್ಚಿದರೂ ಆ ಕಳಂಕ ಅಳಿಯಲಿಲ್ಲ.

ಕಂಪನಿಯಲ್ಲೂ ಅದೇ ಆಯಿತು. ಉತ್ಪಾದನೆಯಲ್ಲಿ ನಿಪುಣರಾಗಿದ್ದ ವಿಲಿಯಂ ನಡ್‌ಸನ್ 1921ರಲ್ಲಿ ಫೋರ್ಡ್ ಬಿಟ್ಟು ಪ್ರತಿಸ್ಪರ್ಧಿ ಜನರಲ್ ಮೋಟಾರ್ಸ್ ಸೇರಿ ಷೆವರ್ಲೆ ಕಾರನ್ನು ಬೆಳೆಸಿದರು. ಅಲ್ಲಿ 1923ರಲ್ಲಿ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್ ಪ್ರತಿ ವಿಭಾಗಕ್ಕೂ ಒಬ್ಬ ಮುಖ್ಯಸ್ಥನನ್ನಿಟ್ಟು, ತೀರ್ಮಾನ ಅವನದು, ಲೆಕ್ಕದ ಮೇಲ್ವಿಚಾರಣೆ ಕೇಂದ್ರ ಕಚೇರಿಯದು ಎಂಬ ಪದ್ಧತಿ ತಂದರು. 1926ರಲ್ಲಿ ಅರ್ನೆಸ್ಟ್ ಕ್ಯಾನ್ಸ್ಲರ್ ಎಂಬ ಅಧಿಕಾರಿ ಮಾಡೆಲ್ ಟಿಯ ಕಾಲ ಮುಗಿಯಿತೆಂದು ಫೋರ್ಡ್‌ರವರಿಗೆ ವಿನಯದಿಂದಲೇ ಬರೆದು ತಿಳಿಸಿದರು. ಕೆಲವೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಮರುವರ್ಷ ಕ್ಯಾನ್ಸ್ಲರ್ ಹೇಳಿದಂತೆಯೇ ಆಯಿತು. ಒಂದೂವರೆ ಕೋಟಿ ಕಾರುಗಳ ನಂತರ ಮಾಡೆಲ್ ಟಿ ನಿಂತಿತು. ಮುಂದಿನ ಕಾರು ಸಿದ್ಧವಿಲ್ಲದೆ ಕಾರ್ಖಾನೆಗಳು ತಿಂಗಳುಗಟ್ಟಲೆ ಮುಚ್ಚಿದವು. ಷೆವರ್ಲೆ ಮುಂದೆ ಹೋಯಿತು.

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ನಮ್ಮಲ್ಲಿದೆ. ಫೋರ್ಡ್‌ರವರು ಕನ್ನಡ ಬಲ್ಲವರಾಗಿದ್ದರೆ ಇದನ್ನು ಕಚೇರಿಯ ಗೋಡೆಗೆ ತೂಗುಹಾಕುತ್ತಿದ್ದರೇನೋ! ಒಬ್ಬನೇ ಮಗ ಎಡ್ಸೆಲ್ 1919ರಲ್ಲಿ, 25ನೆಯ ವಯಸ್ಸಿನಲ್ಲೇ ಅಧ್ಯಕ್ಷರಾದರು. ಕುರ್ಚಿ ಮಗನದು, ಮಾತು ತಂದೆಯದು. ಎಡ್ಸೆಲ್ ಕೊಟ್ಟ ಆದೇಶಗಳನ್ನು ತಂದೆ ಎಲ್ಲರೆದುರು ರದ್ದು ಮಾಡುತ್ತಿದ್ದರು. ಎಡ್ಸೆಲ್ ಬಯಸಿದ ಹೈಡ್ರಾಲಿಕ್ ಬ್ರೇಕು ಇತರರ ಕಾರುಗಳಲ್ಲಿ ಬಂದ ಮೇಲೆ, ಫೋರ್ಡ್ ಕಾರಿಗೆ ಬಂದದ್ದು 1939ರ ಮಾದರಿಯಲ್ಲಿ. ಹೆಸರಿಗೆ ಅಧ್ಯಕ್ಷರಾಗಿ ನೊಂದ ಎಡ್ಸೆಲ್ 1943ರಲ್ಲಿ 49ನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡರು.

ಬೇರೆ ಯಾರನ್ನೂ ಬೆಳೆಸದಿದ್ದ ಕಾರಣ, 79 ವರ್ಷದ ಫೋರ್ಡ್‌ರವರೇ ಮತ್ತೆ ಅಧ್ಯಕ್ಷರಾದರು. ಆರೋಗ್ಯ ಕೆಟ್ಟಿತ್ತು, ನೆನಪು ಮಾಸಿತ್ತು. ಯುದ್ಧಕಾಲದಲ್ಲಿ ಇಂತಹ ಕಾರ್ಖಾನೆ ನಿಂತರೆ ಗತಿಯೇನೆಂದು, ಮೊಮ್ಮಗ ಎರಡನೆಯ ಹೆನ್ರಿಯನ್ನು ನೌಕಾಪಡೆಯಿಂದ ಬಿಡುಗಡೆ ಮಾಡಿ ಮನೆಗೆ ಕಳುಹಿಸಲಾಯಿತು. ಹೆಂಡತಿ ಕ್ಲಾರಾ ಮತ್ತು ಸೊಸೆ ಎಲಿನಾರ್ ಪಟ್ಟು ಹಿಡಿದ ಮೇಲೆ 1945ರ ಸೆಪ್ಟೆಂಬರಿನಲ್ಲಿ ಅಜ್ಜ ಅಧಿಕಾರ ಬಿಟ್ಟುಕೊಟ್ಟರು.

28 ವರ್ಷದ ಮೊಮ್ಮಗನಿಗೆ ಅನುಭವ ಕಡಿಮೆ. ಆದರೆ ತನಗೆ ಗೊತ್ತಿಲ್ಲವೆಂಬುದು ಗೊತ್ತಿತ್ತು. ಕಂಪನಿ ನಷ್ಟದಲ್ಲಿತ್ತು. ಬಿಲ್ಲುಗಳ ರಾಶಿಯನ್ನು ತೂಗಿ ಲೆಕ್ಕ ಅಂದಾಜಿಸುತ್ತಿದ್ದರೆಂದು ಆಗ ಬಂದವರು ಹೇಳುತ್ತಿದ್ದರು. 1946ರಲ್ಲಿ ಆತ ಅನುಭವಿ ಅರ್ನೆಸ್ಟ್ ಬ್ರೀಚ್‌ರನ್ನೂ, ವಾಯುಪಡೆಯ ಲೆಕ್ಕ ವಿಭಾಗದಲ್ಲಿ ದುಡಿದಿದ್ದ ಹತ್ತು ಮಂದಿ ಯುವಕರನ್ನೂ ಕರೆತಂದು ಜವಾಬ್ದಾರಿ ಒಪ್ಪಿಸಿದ. ಅವರಲ್ಲಿ ಒಬ್ಬರಾದ ರಾಬರ್ಟ್ ಮೆಕ್‌ನಮಾರಾ 1960ರಲ್ಲಿ ಕಂಪನಿಯ ಅಧ್ಯಕ್ಷರೇ ಆದರು. ಕಂಪನಿ ಉಳಿಯಿತು, ಬೆಳೆಯಿತು. ಹೆನ್ರಿ ಫೋರ್ಡ್‌ರವರು 1947ರ ಏಪ್ರಿಲ್ 7ರಂದು ಡಿಯರ್‌ಬಾರ್ನ್‌ನ ತಮ್ಮ ಫೇರ್ ಲೇನ್ ಮನೆಯಲ್ಲಿ ನಿಧನರಾದರು. ರೂಜ್ ನದಿಯ ಪ್ರವಾಹದಿಂದ ಅಂದು ವಿದ್ಯುತ್ ಇರಲಿಲ್ಲ.

ಫೋರ್ಡ್‌ರವರ ಸಾಧನೆ ಚಿಕ್ಕದಲ್ಲ. ಅಂತಹ ಮೇಧಾವಿಗೇ ಎಲ್ಲವನ್ನೂ ಒಬ್ಬರೇ ತೀರ್ಮಾನಿಸಲು ಆಗಲಿಲ್ಲವೆಂದರೆ ನಮ್ಮ ಪಾಡೇನು? ಗಲ್ಲಾ, ಅಡುಗೆ, ಖರೀದಿ, ಲೆಕ್ಕ ಎಲ್ಲವನ್ನೂ ತಾನೇ ಹಿಡಿದ ಮಾಲೀಕ ಒಂದು ವಾರ ಮಲಗಿದರೆ ವ್ಯವಹಾರವೂ ಮಲಗುತ್ತದೆ. ಕೆಲಸ ಒಪ್ಪಿಸುವುದೆಂದರೆ ಕೈ ತೊಳೆದುಕೊಳ್ಳುವುದಲ್ಲ. ಯೋಗ್ಯರನ್ನು ಆರಿಸಿ, ಏನಾಗಬೇಕೆಂದು ಸ್ಪಷ್ಟವಾಗಿ ಹೇಳಿ, ತೀರ್ಮಾನಿಸಲು ಬಿಟ್ಟು, ಆಗಾಗ ಲೆಕ್ಕ ಕೇಳುವುದು. ಹೊಸಬರು ಮೊದಮೊದಲು ಸಣ್ಣಪುಟ್ಟ ತಪ್ಪು ಮಾಡುತ್ತಾರೆ. ಅದು ಅವರು ಕಲಿಯುವುದಕ್ಕೆ ತೆರುವ ಶುಲ್ಕ.

ಮಕ್ಕಳೇ, ಮುಂದಿನ ಸಲ ಗುಂಪಿನ ಪ್ರಾಜೆಕ್ಟ್ ಬಂದಾಗ ಗೆಳೆಯರಿಗೆ ಬರಿಯ ಬಣ್ಣ ಹಚ್ಚುವ ಕೆಲಸ ಕೊಡಬೇಡಿ, ಯಾವ ಬಣ್ಣವೆಂದು ತೀರ್ಮಾನಿಸುವ ಹಕ್ಕನ್ನೂ ಕೊಡಿ. ಪೋಷಕರೇ, ಮಕ್ಕಳಿಗೂ ಮನೆಯ ಒಂದಾದರೂ ಜವಾಬ್ದಾರಿಯನ್ನು ಪೂರ್ತಿಯಾಗಿ ಒಪ್ಪಿಸಿ ನೋಡಿ. ನಾಳೆ ನಮ್ಮ ಜಾಗದಲ್ಲಿ ನಿಲ್ಲಬೇಕಾದವರು ಇಂದೇ ಅಭ್ಯಾಸ ಮಾಡಬೇಕಲ್ಲವೇ?