ಬೆಳಗ್ಗೆ ಅಕೌಂಟೆನ್ಸಿ, ಆಮೇಲೆ ಹಕ್ಕಿ

ಹಕ್ಕಿಗಳ ಸಲೀಂ ಅಲಿ ಎಲ್ಲರಿಗೂ ಗೊತ್ತು. ಅವರೂ ನಮ್ಮ ಹಾಗೆ ಕಾಮರ್ಸ್ ಓದಿದವರೆಂದು ನನಗೆ ಈ ವರ್ಷವೇ ತಿಳಿದದ್ದು.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಲ್ಲೇ ಅಬ್ಬಾ, ಅಮ್ಮಿ ಇಬ್ಬರೂ ಇಲ್ಲವಾದರು. ಸಾಕಿದವರು ಮಾಮು ಅಮೀರುದ್ದೀನ್ ತೈಯಬ್‌ಜಿ. ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ಕೇಳಲು ಮಾಮು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಗದರಿಸಿ ಸುಮ್ಮನಾಗಿಸಿದ್ದರೆ?

ಬರ್ಮಾದಲ್ಲಿ ಮನೆಯವರ ವ್ಯಾಪಾರ ನೋಡಿಕೊಂಡು 1917ರಲ್ಲಿ ಮರಳಿದರು. ಬೆಳಗ್ಗೆ ದಾವರ್ ಕಾಲೇಜಿನಲ್ಲಿ ಅಕೌಂಟೆನ್ಸಿ, ಆಮೇಲೆ ಸೇಂಟ್ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ. ಡಿಗ್ರಿ ಇಲ್ಲವೆಂದು ಸರ್ಕಾರಿ ಹುದ್ದೆ ಸಿಗಲಿಲ್ಲ. ಕೆಲಸವಿಲ್ಲದ 1930ರಲ್ಲಿ ಕಿಹೀಮ್ ಎಂಬ ಕಡಲ ತೀರದ ಊರಲ್ಲಿ ಕೂತು ಗೀಜಗಗಳನ್ನು ನೋಡಿದರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ನೋಡಿ ಒಪ್ಪಿದರೆ ಸಂಸಾರ. ಆಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡುತ್ತದೆ!

ಹೆಂಡತಿ ತೆಹಮೀನಾ 1939ರಲ್ಲಿ ತೀರಿಕೊಂಡರು. ಆ ದುಃಖದಲ್ಲೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಅವರು ಹೇಳಿದ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1976ರಲ್ಲಿ ಪದ್ಮವಿಭೂಷಣ ಬಂತು, 1987ರಲ್ಲಿ ಕಣ್ಮುಚ್ಚಿದರು.

ನಮ್ಮ ಮನೆಯಲ್ಲಿ ಸಿಎ ಮಾಡು ಎನ್ನುತ್ತಾರೆ. ಮಾಡುತ್ತೇನೆ. ಭಾನುವಾರ ಬೆಳಗ್ಗೆ ಮಾತ್ರ ಹಾರೋಹಳ್ಳಿಯ ಕೆರೆ ಏರಿ ಮೇಲೆ ಇರುತ್ತೇನೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಸೇರಿ ಹದಿನಾಲ್ಕು ಹೆಸರು ನೋಟ್‌ಬುಕ್ಕಿನಲ್ಲಿವೆ. ಜೊಂಡಿನಲ್ಲಿ ಓಡಾಡುವ ಒಂದು ಕಂದು ಹಕ್ಕಿಯ ಹೆಸರು ಇನ್ನೂ ಸಿಕ್ಕಿಲ್ಲ.